ಯಾರ ಗೋಡೆಗೆ ಈ ಚಿತ್ರ?



ಕಳ್ಳಕವಟಗಿಯಿಂದ ವಿಜಯಪುರಕ್ಕೆ ಹೋಗುವವರು ತಿಕೋಟಾ ದಾಟಿ, ದಾರಿಯುದ್ದಕ್ಕೂ ದ್ರಾಕ್ಷಿ ಪಡಗಳನ್ನು ನೋಡುತ್ತ, ಊರು ಇನ್ನೇನು ಬಂತು ಅನ್ನುವಾಗ ತೊರವಿ ಹಾಯುತ್ತಾರೆ. ತೊರವಿ ಎಂದರೆ ಹಿರಿಯರಿಗೆ ನರಸಿಂಹ ದೇವರು, ಕುಮಾರ ವಾಲ್ಮೀಕಿಯ ರಾಮಾಯಣ. ಈಗಿನ ಹೆಣ್ಣುಮಕ್ಕಳಿಗೆ ಅಕ್ಕಮಹಾದೇವಿ ವಿಶ್ವವಿದ್ಯಾಲಯ. ಅದೇ ತೊರವಿಯ ಬಯಲಿನಲ್ಲಿ ಎತ್ತರದ ಕಮಾನಿನ ಸಂಗೀತ ಮಹಲು ನಿಂತಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಿಸಲು ಹಿಡಿದ ನವರಸಪುರ ಎಂಬ ಹೊಸ ಊರಿನಲ್ಲಿ ಕಣ್ಣಿಗೆ ಬೀಳುವಂತೆ ಉಳಿದಿರುವುದು ಹೆಚ್ಚುಕಡಿಮೆ ಅದೊಂದೇ. ಆ ಊರಿನಲ್ಲಿ, ಇವತ್ತಿಗೆ ನಾನೂರು ವರ್ಷದ ಹಿಂದೆ, ಹಾಲೆಂಡಿನ ಹಾರ್ಲೆಂ ಪಟ್ಟಣದ ಒಬ್ಬ ಚಿತ್ರಕಾರ ಸುಲ್ತಾನನ ಸಂಬಳ ಪಡೆದು ಬದುಕುತ್ತಿದ್ದ. ಹೆಸರು ಕಾರ್ನೆಲಿಸ್ ಕ್ಲಾಸ್ ಹೆಡಾ. 1622ರಲ್ಲಿ ತೀರಿಕೊಂಡ. ಊರಿಗೆ ಮರಳಲಿಲ್ಲ.

ಈ ದತ್ತಿ ಉಪನ್ಯಾಸದ ವಿಷಯವನ್ನು ದತ್ತಿ ಇಟ್ಟ ಮನೆತನದವರು ನನಗೇ ಬಿಟ್ಟದ್ದರಿಂದ ಹೆಡಾನನ್ನು ಆರಿಸಿಕೊಂಡೆ. ಆದರೆ ಅವನ ಬಳಿಗೆ ನೇರವಾಗಿ ಹೋದರೆ ಅವನ ಬೆಲೆ ತಿಳಿಯಲಿಕ್ಕಿಲ್ಲ. ಅವನಿಗಿಂತ ಎರಡು ಎರಡೂವರೆ ಶತಮಾನ ಆಮೇಲೆ ಬಂದ ಬೇರೆ ಬಗೆಯ ಯುರೋಪಿಯನ್ ಚಿತ್ರಕಾರರನ್ನು ಮೊದಲು ಮಾತಾಡಿಸಿಕೊಂಡು ಬರೋಣ.

ಪೂರ್ವ ದೇಶಗಳನ್ನು ಬರೆಯುವುದೇ ಕಸುಬಾಗಿದ್ದ ಚಿತ್ರಕಾರರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಜ್ಯಾಂ ಲಿಯೋಂ ಜೆರೋಮ್‌ನದು. ಪ್ಯಾರಿಸ್ಸಿನ ಸರಕಾರಿ ಕಲಾಶಾಲೆಯಲ್ಲಿ ಸುಮಾರು ನಾಲ್ಕು ದಶಕ ಮೇಷ್ಟ್ರಾಗಿದ್ದವನು. 1879ರ ಸುಮಾರಿನಲ್ಲಿ ಅವನು ಬರೆದ ಹಾವಾಡಿಗನ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎಡ್ವರ್ಡ್ ಸೈದ್ 1978ರಲ್ಲಿ ಬರೆದ ‘ಓರಿಯೆಂಟಲಿಸಂ’ ಪುಸ್ತಕದ ಮುಖಪುಟಕ್ಕೆ ಹಾಕಿದ್ದು ಅದನ್ನೇ. ನೀಲಿ ಹೆಂಚಿನ ಗೋಡೆ. ಗೋಡೆಗೆ ಒರಗಿ ಕತ್ತಿ ಕಠಾರಿ ಹೊತ್ತ ಗಂಡಸರು ನೆಲದ ಮೇಲೆ ಕೂತಿದ್ದಾರೆ. ನಮಗೆ ಬೆನ್ನು ಮಾಡಿ ನಿಂತ ಒಬ್ಬ ಬೆತ್ತಲೆ ಹುಡುಗನ ಮೈಗೆ ಹೆಬ್ಬಾವು ಸುತ್ತಿಕೊಂಡಿದೆ. ಪಕ್ಕದಲ್ಲಿ ಮುದುಕನೊಬ್ಬ ಕೊಳಲು ಊದುತ್ತಿದ್ದಾನೆ. ಒಂದೊಂದು ಹೆಂಚನ್ನೂ ಅದರ ಬಿರುಕಿನ ಸಮೇತ ಬರೆದಿದ್ದಾನೆ ಮಹಾರಾಯ. ಕುಂಚ ಓಡಾಡಿದ ಗುರುತು ಒಂದು ಕಡೆಯೂ ಸಿಗುವುದಿಲ್ಲ. ಮೇಲಿನ ಪಟ್ಟಿಯ ಅರಬ್ಬಿ ಬರಹ ಕುರಾನಿನದು, ಧರ್ಮದಲ್ಲಿ ಬಲವಂತ ಸಲ್ಲದು ಎಂಬ ಅರ್ಥದ ವಾಕ್ಯ.

ಇಷ್ಟು ಕರಾರುವಾಕ್ಕಾಗಿ ಬರೆದವನು ಸುಳ್ಳು ಹೇಳಿಯಾನೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೇಳಿದ್ದಾನೆ. ಗೋಡೆ ಇಸ್ತಾಂಬುಲಿನ ತೊಪ್‌ಕಪಿ ಅರಮನೆಯದು. ಅಂಥ ಅರಮನೆಯಲ್ಲಿ ಬೆತ್ತಲೆ ಹುಡುಗನ ಹಾವಾಟ ಎಲ್ಲಿಂದ ಬರಬೇಕು? ಒಂದು ದೇಶದ ಗೋಡೆ, ಇನ್ನೊಂದು ದೇಶದ ಆಟ, ಮತ್ತೆಲ್ಲಿಯದೋ ಆಯುಧ ತಂದು ಪ್ಯಾರಿಸ್ಸಿನ ಕೋಣೆಯಲ್ಲಿ ಹೊಂದಿಸಿದ ಚಿತ್ರ ಅದು. ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ 1983ರಲ್ಲಿ ಬರೆದ ಪ್ರಬಂಧದಲ್ಲಿ ಆ ಒಡೆದ ಹೆಂಚಿನ ಮೇಲೆಯೇ ಬೆರಳಿಟ್ಟಳು. ಕಟ್ಟಡ ಹಾಳಾಗುತ್ತಿದ್ದರೂ ಈ ಜನ ದುರಸ್ತಿ ಮಾಡದೆ ಹಾವಾಟ ನೋಡುತ್ತ ಕೂತಿದ್ದಾರೆ ಎಂದು ಒಂದು ಮಾತೂ ಆಡದೆ ಹೇಳುವ ಜಾಣತನ ಅದು.

ಒಂದು ಸಂಗತಿ ಮರೆಯಬಾರದು. ಜೆರೋಮ್ ಮನೆಯಲ್ಲೇ ಕೂತು ಬರೆದವನಲ್ಲ. ಈಜಿಪ್ತಿಗೆ, ತುರ್ಕಿಗೆ ಮತ್ತೆ ಮತ್ತೆ ಹೋಗಿಬಂದವನು. ಕಣ್ಣಾರೆ ಕಂಡು ಬರೆದದ್ದು ನಿಜ, ಕಾಣದೆ ಬರೆದದ್ದು ಸುಳ್ಳು ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಚಿತ್ರ ಯಾರ ಗೋಡೆಗೆ ಬರೆದದ್ದು ಎಂದು ನಾನು ಕೇಳುತ್ತೇನೆ. ಹಾವಾಡಿಗನ ಚಿತ್ರ ಅಮೆರಿಕದ ಶ್ರೀಮಂತರ ಕೈಸೇರಿತು. ಈಗಲೂ ಅಲ್ಲಿಯ ಮ್ಯಾಸಚುಸೆಟ್ಸ್ ರಾಜ್ಯದ ಕ್ಲಾರ್ಕ್ ಮ್ಯೂಸಿಯಂನಲ್ಲಿದೆ. ಊಟವಾದ ಮೇಲೆ ಆ ಗೋಡೆಯ ಮುಂದೆ ನಿಂತು ನೋಡುವ ಯಜಮಾನನಿಗೆ ಬೇಕಾಗಿದ್ದು ಇಸ್ತಾಂಬುಲ್ ಅಲ್ಲವೇ ಅಲ್ಲ, ದೂರದ, ಬಿಸಿಲಿನ, ಸ್ವಲ್ಪ ಹೆದರಿಕೆಯ, ಸ್ವಲ್ಪ ಆಸೆಯ ಒಂದು ದೇಶ.

ಆಗ ಬೀಜಾಪುರವಾಗಿದ್ದ ನಮ್ಮ ವಿಜಯಪುರಕ್ಕೂ ಇಂಥ ಭಾಗ್ಯ ಒದಗಿತ್ತು. 1820ರ ದಶಕದ ಮೊದಲಲ್ಲಿ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಈ ಕಡೆ ಬಂದು ಪೆನ್ಸಿಲ್ ನಕಾಶೆಗಳನ್ನು ಮಾಡಿಕೊಂಡು ಹೋದ. ಲಂಡನ್ನಿನ ಫಿಶರ್ ಎಂಬ ಪ್ರಕಾಶಕ ಅವನ್ನು ಸ್ಯಾಮುಯೆಲ್ ಪ್ರೌಟ್ ಮೊದಲಾದ ವೃತ್ತಿಪರ ಚಿತ್ರಕಾರರಿಗೆ ಕೊಟ್ಟು ತಿದ್ದಿ ಬರೆಸಿದ. ಪ್ರೌಟ್ ನಾರ್ಮಂಡಿಯ ಚರ್ಚುಗಳಿಗೆ, ಹಳೆಯ ಬೀದಿಗಳಿಗೆ ಹೆಸರಾದವನು, ಭಾರತವನ್ನು ಕಂಡವನಲ್ಲ. ಆ ಚಿತ್ರಗಳನ್ನು ಉಕ್ಕಿನ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದರು. ತಾಮ್ರದ ತಗಡು ಬೇಗ ಸವೆಯುತ್ತದೆ, ಉಕ್ಕು ಸಾವಿರಾರು ಪ್ರತಿ ತಡೆಯುತ್ತದೆ. ಹಾಗಾಗಿ ಬೀಜಾಪುರದ ಜುಮ್ಮಾ ಮಸೀದಿ, ತಾಜ್ ಬಾವಡಿ, ಕೊನೆಗೆ ನಮ್ಮ ತೊರವಿಯ ಸಂಗೀತ ಮಹಲು ಕೂಡ ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳ ಮೇಜಿನ ಮೇಲೆ ಹೋಗಿ ಕೂತವು. ತೊರವಿಯ ಚಿತ್ರದ ಕೆಳಗೆ ಮುದ್ರಿಸಿದ ಹೆಸರು ‘ಸಿಂಗಂ ಮಹಲ್’. ಅದೇ ಪ್ರಕಾಶಕ 1832ರಿಂದ ವರ್ಷಕ್ಕೊಂದು ಅಂದದ ಪುಸ್ತಕ ತರುತ್ತಿದ್ದ. ಸಂಪಾದಕಿ ಲೆಟಿಷಿಯಾ ಲ್ಯಾಂಡನ್ ಎಂಬ ಹೆಸರುವಾಸಿ ಕವಯಿತ್ರಿ. ಚಿತ್ರ ಮೊದಲು ತಯಾರು, ಆಮೇಲೆ ಆಕೆ ಅದಕ್ಕೆ ಪದ್ಯ ಹೊಸೆಯುವುದು. ಆಕೆಯೂ ಭಾರತಕ್ಕೆ ಬಂದವಳಲ್ಲ. ನಕಾಶೆ ತೆಗೆದವನು ನೌಕಾಧಿಕಾರಿ, ತಿದ್ದಿ ಬರೆದವನು ಕಾಣದವನು, ತಗಡು ಕೊರೆದವನು ಮತ್ತೊಬ್ಬ, ಪದ್ಯ ಕಟ್ಟಿದವಳು ಇನ್ನೊಬ್ಬಳು. ನಾಲ್ಕು ಕೈ ದಾಟುವಷ್ಟರಲ್ಲಿ ನಮ್ಮ ಬಿಸಿಲು, ನಮ್ಮ ಕರಿಮಣ್ಣು ಎಲ್ಲಿ ಹೋಗಿರಬೇಕು ಎಂದು ನೀವೇ ಊಹಿಸಿ.

ಇಂಥ ಅಚ್ಚುಗಳು ಮಾರಾಟಕ್ಕೆ ಇಟ್ಟದ್ದು ಹಾಳು ಬಿದ್ದ ವೈಭವವನ್ನು. ಆಗ ಬೀಜಾಪುರ ಸಾತಾರದ ಅರಸನ ಕೈಯಲ್ಲಿತ್ತು. ಇಂಗ್ಲಿಷರ ನೇರ ಆಳ್ವಿಕೆಗೆ ಬಂದದ್ದು 1848ರಲ್ಲಿ. 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ, ಇಂಗ್ಲಿಷ್ ಮನೆಗಳಲ್ಲಿ ನಿಟ್ಟುಸಿರು ಹುಟ್ಟಿಸಿದ ಅದೇ ಪಾಳು ಕಟ್ಟಡಗಳಿಗೆ ಸುಣ್ಣ ಬಳಿದು, ಕಚೇರಿ ಬಂಗಲೆ ಮಾಡಿಕೊಂಡರು. ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ಕೂತಿತ್ತು. ಅದನ್ನು ಎಬ್ಬಿಸಲು ವೈಸರಾಯ್ ಕರ್ಜನ್ ಬರಬೇಕಾಯಿತು.

ಬೀಜಾಪುರದ ಅಚ್ಚುಗಳು ಮೇಜಿನ ಮೇಲಿಡುವ ಸಣ್ಣ ಚಿತ್ರಗಳು. ಕರ್ನಾಟಕದ ನೆಲದ ಮೇಲೆ ಯುರೋಪಿನ ಅಕಾಡೆಮಿ ಕಲೆ ನಿಜವಾಗಿ ಆರ್ಭಟಿಸಿದ್ದನ್ನು ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. 1799ರ ಮೇ 4ರಂದು ಟಿಪ್ಪು ಸುಲ್ತಾನ ಬಿದ್ದ. ಮರುವರ್ಷವೇ ರಾಬರ್ಟ್ ಕರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಹುಡುಗ ಕೋಟೆಯ ಮುತ್ತಿಗೆಯನ್ನು ನೂರಿಪ್ಪತ್ತು ಅಡಿ ಉದ್ದದ ಕ್ಯಾನ್ವಾಸಿನ ಮೇಲೆ ಬರೆದು ಲಂಡನ್ನಿನ ಲೈಸಿಯಂನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಜನ ಮುಗಿಬಿದ್ದು ನೋಡಿದರು. ಆ ಚಿತ್ರ ಈಗಿಲ್ಲ. ಉಳಿದು, ಇವತ್ತಿಗೂ ದೊಡ್ಡದೆಂದು ಹೇಳಿಸಿಕೊಳ್ಳುವುದು ಡೇವಿಡ್ ವಿಲ್ಕಿಯದು.

ವಿಲ್ಕಿ ಸ್ಕಾಟ್ಲೆಂಡಿನವನು, ಲಂಡನ್ನಿನ ರಾಯಲ್ ಅಕಾಡೆಮಿಯ ಸದಸ್ಯ, ಅರಸನ ಅಧಿಕೃತ ಚಿತ್ರಕಾರ. ಟಿಪ್ಪುವಿನ ಶವವನ್ನು ಜನರಲ್ ಬೇರ್ಡ್ ಪತ್ತೆಹಚ್ಚಿದ ಕ್ಷಣವನ್ನು ಅವನು ಬರೆದು ಮುಗಿಸಿದ್ದು 1839ರಲ್ಲಿ, ಅಂದರೆ ಘಟನೆಯಾಗಿ ಸರಿಯಾಗಿ ನಲವತ್ತು ವರ್ಷಕ್ಕೆ. ಕ್ಯಾನ್ವಾಸಿನ ಎತ್ತರ ಹನ್ನೊಂದು ಅಡಿ ಮೀರಿದ್ದು, ಅಗಲ ಒಂಬತ್ತಡಿಗೆ ಸ್ವಲ್ಪ ಕಡಿಮೆ. ಕತ್ತಲ ಬಾಗಿಲಲ್ಲಿ ಕೆಂಪು ಕೋಟಿನ ಬೇರ್ಡ್ ಕತ್ತಿ ಹಿಡಿದು ನಿಂತಿದ್ದಾನೆ. ಕೆಳಗೆ ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹ. ಸುತ್ತ ಬಗ್ಗಿ ನೋಡುವ ಮುಖಗಳು. ದೃಷ್ಟಿ ದೇಹದಿಂದ ಏರಿ ಬೇರ್ಡ್‌ನ ಮುಖಕ್ಕೇ ಹೋಗಿ ಮುಟ್ಟಬೇಕು, ಹಾಗೆ ಕಟ್ಟಿದ್ದಾನೆ. ಅಕಾಡೆಮಿಯಲ್ಲಿ ಕಲಿಸುತ್ತಿದ್ದದ್ದೇ ಇದನ್ನು: ಗುಂಪನ್ನು ಗೋಪುರದಂತೆ ಪೇರಿಸಿ, ನೆತ್ತಿಯ ಮೇಲೆ ನಾಯಕನನ್ನು ನಿಲ್ಲಿಸುವುದು.

ಚಿತ್ರದ ತಳಭಾಗದಲ್ಲಿ, ಬೇರ್ಡ್‌ನ ಕಾಲ ಕೆಳಗೆ, ಒಂದು ಕಬ್ಬಿಣದ ಜಾಲರಿ ಇದೆ. ಸುಮ್ಮನೆ ನೋಡಿದರೆ ಚರಂಡಿಯ ಬಾಯಿ ಅನ್ನಿಸೀತು. ವಿಲ್ಕಿಯ ಕಥೆಯೆಲ್ಲ ಇರುವುದು ಅಲ್ಲಿ. 1780ರಲ್ಲಿ ಪೊಳ್ಳಿಲೂರಿನ ಕದನದಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಒಂದು ಪಡೆಯನ್ನು ಪೂರ್ತಿ ನೆಲಕಚ್ಚಿಸಿದರು. ಸೆರೆಸಿಕ್ಕವರಲ್ಲಿ ತರುಣ ಬೇರ್ಡ್ ಒಬ್ಬ. ನಲವತ್ತನಾಲ್ಕು ತಿಂಗಳು ಶ್ರೀರಂಗಪಟ್ಟಣದಲ್ಲಿ ಬೇಡಿ ತೊಟ್ಟು ಕೊಳೆತ. (ಮಗನನ್ನು ಇನ್ನೊಬ್ಬನ ಜತೆ ಸರಪಳಿ ಹಾಕಿ ಕಟ್ಟಿದ್ದಾರೆ ಎಂದು ಕೇಳಿದ ಅವನ ತಾಯಿ, ಆ ಇನ್ನೊಬ್ಬನ ಗತಿ ಏನಪ್ಪಾ ಎಂದು ಮರುಗಿದಳಂತೆ; ಮಗನ ಸಿಡುಕು ಅಂಥದು.) ಹತ್ತೊಂಬತ್ತು ವರ್ಷದ ಮೇಲೆ ಅದೇ ಬೇರ್ಡ್ ಕೋಟೆಯ ದಾಳಿಯ ಮುಂದಾಳು. ಅಂದು ಸೆರೆಮನೆಯೊಳಗೆ ಇದ್ದವನು ಇಂದು ಸೆರೆಮನೆಯ ಮೇಲೆ ನಿಂತ ಎಂದು ಆ ಜಾಲರಿ ಹೇಳುತ್ತದೆ. ಶವ ಸಿಕ್ಕ ಜಾಗಕ್ಕೆ ಸೆರೆಮನೆಯ ಜಾಲರಿಯನ್ನು ತಂದಿಟ್ಟವನು ವಿಲ್ಕಿಯೇ.

ಯಾರ ಗೋಡೆಗೆ? ಬೇರ್ಡ್‌ನ ಹೆಂಡತಿಯ ಗೋಡೆಗೆ. 1829ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ಹಣ ಕೊಟ್ಟು ಬರೆಸಿದಳು. ಇದರ ಹಿಂದೆ ಒಂದು ಮನೆತನದ ಸಿಟ್ಟಿದೆ. ಕೋಟೆ ಗೆದ್ದದ್ದು ಬೇರ್ಡ್. ಗೆದ್ದ ಊರಿನ ಅಧಿಕಾರ ಸಿಕ್ಕಿದ್ದು ಆರ್ಥರ್ ವೆಲ್ಲೆಸ್ಲಿಗೆ, ಅವನ ಅಣ್ಣ ಆಗ ಗವರ್ನರ್ ಜನರಲ್. ಮುಂದೆ ಆ ತಮ್ಮ ವೆಲಿಂಗ್ಟನ್ ಆಗಿ ಜಗತ್ಪ್ರಸಿದ್ಧನಾದ, ಬೇರ್ಡ್ ಹಿಂದೆ ಬಿದ್ದ. ಹೀಗೆ ನೋಡಿದರೆ ಈ ಮಹಾ ಚಿತ್ರ ಒಬ್ಬ ವಿಧವೆ ತನ್ನ ಗಂಡನಿಗೆ ಕೊಡಿಸಿದ ನ್ಯಾಯ. ನನಗೆ ಆ ತಾಯಿಯ ಮೇಲೆ ಕೋಪವಿಲ್ಲ. ಆದರೆ ಟಿಪ್ಪುವಿನ ಹೆಣ ಆಕೆಯ ಮನೆಯ ವ್ಯಾಜ್ಯದಲ್ಲಿ ಒಂದು ಸಾಕ್ಷಿ ವಸ್ತುವಾಗಿ ಮಲಗಿದೆ, ಅಷ್ಟು ಮಾತ್ರ ಮರೆಯದೆ ನೋಡಬೇಕು. ಅಂದಹಾಗೆ, ಪೂರ್ವವನ್ನು ಬರೆದ ಮೇಲೆ ವಿಲ್ಕಿಗೆ ಪೂರ್ವವನ್ನು ನೋಡುವ ಆಸೆಯಾಯಿತು. 1840ರಲ್ಲಿ ಇಸ್ತಾಂಬುಲಿಗೆ ಹೋಗಿ ತುರ್ಕಿಯ ಸುಲ್ತಾನನ ಭಾವಚಿತ್ರ ಬರೆದ, ಜೆರುಸಲೇಮ್, ಈಜಿಪ್ತು ನೋಡಿದ. ವಾಪಸು ಬರುವಾಗ 1841ರಲ್ಲಿ ಜಿಬ್ರಾಲ್ಟರ್ ಹತ್ತಿರ ಹಡಗಿನಲ್ಲೇ ತೀರಿಕೊಂಡ. ಅವನ ಜಲಸಮಾಧಿಯನ್ನು ಗೆಳೆಯ ಟರ್ನರ್ ಬರೆದ.

ಈಗ ಇದೇ ಕಥೆಯನ್ನು ಎದುರು ಗೋಡೆಯ ಮೇಲೆ ನೋಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿಗೆ ಶಾಲೆಯ ಪ್ರವಾಸದಲ್ಲಿ ಹೋದವರು ಪಡುವಣ ಗೋಡೆಯನ್ನು ಕಂಡಿರುತ್ತೀರಿ. 1784ರಲ್ಲಿ ಕಟ್ಟಿದ ಆ ಅರಮನೆಯ ಗೋಡೆಯ ಮೇಲೆ ಟಿಪ್ಪು ಬರೆಸಿದ್ದು ಅದೇ ಪೊಳ್ಳಿಲೂರಿನ ಕದನ, ಬೇರ್ಡ್ ಸೆರೆಸಿಕ್ಕ ಕದನ. ಕೆಂಪಂಗಿಯ ಇಂಗ್ಲಿಷ್ ಸೈನಿಕರು ಚೌಕ ಕಟ್ಟಿ ನಡುವೆ ಸಿಕ್ಕಿಹಾಕಿಕೊಂಡಿದ್ದಾರೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಅವರ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಇಲ್ಲಿ ವಿಲ್ಕಿಯ ನೆರಳು ಬೆಳಕು ಇಲ್ಲ, ದೂರದ್ದು ಸಣ್ಣದು ಹತ್ತಿರದ್ದು ದೊಡ್ಡದು ಎಂಬ ನಿಯಮವೂ ಇಲ್ಲ. ಕುದುರೆ ಮೇಲೆ ಕುದುರೆ, ತಲೆ ಮೇಲೆ ತಲೆ. ಇಂಗ್ಲಿಷರ ಮುಖಗಳು ಒಬ್ಬನದು ಇನ್ನೊಬ್ಬನಿಗೆ ಅಚ್ಚೊತ್ತಿದ ಹಾಗೆ. ನಮ್ಮ ಚಿತ್ರಗಾರರಿಗೆ ಅವರೆಲ್ಲ ಒಂದೇ ತರಹ ಕಂಡರು, ಅವರಿಗೆ ನಾವು ಕಂಡ ಹಾಗೆಯೇ. ಟಿಪ್ಪು ಸೋತ ಮೇಲೆ ಆ ಅರಮನೆಯಲ್ಲಿ ವಾಸಕ್ಕೆ ಬಂದವನು ವೆಲ್ಲೆಸ್ಲಿ. ತನ್ನವರ ಸೋಲಿನ ಆ ಚಿತ್ರವನ್ನು ಅಳಿಸಲಿಲ್ಲ, ಉಳಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅದಕ್ಕೆ ಮತ್ತೆ ಬಣ್ಣ ಹಾಕಿಸಿದ. ನಾವು ಈಗ ನೋಡುವುದು ಹೀಗೆ ಶತ್ರುವಿನ ದುಡ್ಡಿನಲ್ಲಿ ಬದುಕಿದ ಚಿತ್ರ. ವಿಲ್ಕಿಯದು ಎಡಿನ್‌ಬರೋದಲ್ಲಿದೆ. ಎರಡರ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಒಂದು ತರಗತಿ ಮಾಡಬೇಕು ಎಂದು ಇಲ್ಲಿರುವ ಡ್ರಾಯಿಂಗ್ ಮಾಸ್ತರರಿಗೆ ಕೈಮುಗಿದು ಕೇಳುತ್ತೇನೆ.

ಈಗ ನವರಸಪುರಕ್ಕೆ ಬರೋಣ.

ಹಾರ್ಲೆಂ ಪಟ್ಟಣದಲ್ಲಿ 1580ರ ದಶಕದಲ್ಲಿ ಮೂವರು ಗೆಳೆಯರು, ಕಾರೆಲ್ ಫಾನ್ ಮಾಂಡರ್, ಹೆಂಡ್ರಿಕ್ ಗೋಲ್ಟ್‌ಸಿಯಸ್, ಕಾರ್ನೆಲಿಸ್ ಕಾರ್ನೆಲಿಸ್ಸನ್, ಸೇರಿಕೊಂಡು ಒಂದು ಅಕಾಡೆಮಿ ಎನ್ನುವಂಥದನ್ನು ನಡೆಸಿದರು. ಎದುರಿಗೆ ಮನುಷ್ಯರನ್ನು ನಿಲ್ಲಿಸಿಕೊಂಡು ಮೈಕಟ್ಟನ್ನು ಅಭ್ಯಾಸ ಮಾಡುವುದು ಅಲ್ಲಿಯ ಪಾಠ. ಆ ಕಾರ್ನೆಲಿಸ್ಸನ್‌ನ ಶಿಷ್ಯ ನಮ್ಮ ಹೆಡಾ. ಕಲಿತ ಮೇಲೆ ಪ್ರಾಗ್‌ಗೆ ಹೋಗಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನ ಸೇರಿದ. ಚಿತ್ರ, ಗಡಿಯಾರ, ನಕ್ಷತ್ರ, ರಸವಿದ್ಯೆ ಎಂದು ಹುಚ್ಚು ಹಿಡಿಸಿಕೊಂಡಿದ್ದ ದೊರೆ ಅವನು. ಅಲ್ಲಿಗೆ ಪರ್ಷಿಯಾದ ಶಾ ಅಬ್ಬಾಸನ ರಾಯಭಾರಿಗಳು ಬಂದಿದ್ದರು. ಅವರ ಜತೆ ಹೆಡಾ ಪರ್ಷಿಯಾದ ದಾರಿ ಹಿಡಿದ. ಹೊರಟದ್ದು ಇಸ್ಫಹಾನಿಗೆ, ತಲುಪಿದ್ದು ಬೀಜಾಪುರಕ್ಕೆ, 1610ರ ಆಸುಪಾಸಿಗೆ.

ಅವನು ಬಂದು ಸೇರಿದ ಊರು ಎಂಥದು! ಇಬ್ರಾಹಿಂ ಹಾಡು ಕಟ್ಟುವ ಸುಲ್ತಾನ. ತನ್ನ ತಂಬೂರಿಗೆ ಮೋತಿ ಖಾನ್ ಎಂದೂ ಆನೆಗೆ ಆತಶ್ ಖಾನ್ ಎಂದೂ ಹೆಸರಿಟ್ಟು ಮುದ್ದು ಮಾಡುತ್ತಿದ್ದವನು. ‘ಕಿತಾಬೆ ನವರಸ್’ ಬರೆದು ಅದರಲ್ಲಿ ಸರಸ್ವತಿಗೆ, ಗಣಪತಿಗೆ, ಸೂಫಿ ಸಂತ ಗೇಸುದರಾಜರಿಗೆ ಒಂದೇ ಉಸಿರಿನಲ್ಲಿ ನಮಸ್ಕರಿಸಿದವನು. ಇರಾನಿ ಪರಂಪರೆಯ ಫರ್ರುಖ್ ಹುಸೇನ್ ಅವನಿಗಾಗಿ ವೀಣೆ ನುಡಿಸುವ ಸರಸ್ವತಿಯನ್ನು ಬರೆದುಕೊಟ್ಟಿದ್ದ. ಆ ಚಿತ್ರ ಜಯಪುರದಲ್ಲಿದೆ. ಅವನ ಕುಂಚದಲ್ಲೇ ಇಬ್ರಾಹಿಂ ತಂಬೂರಿ ಹಿಡಿದು ಕೂತಿರುವ ಮತ್ತೊಂದು ಚಿತ್ರ ಮೊಗಲರ ಚಿತ್ರಸಂಪುಟ ಸೇರಿ, ಎಲ್ಲೆಲ್ಲೋ ತಿರುಗಿ, ಈಗ ಪ್ರಾಗ್‌ನ ಮ್ಯೂಸಿಯಂನಲ್ಲಿದೆ. ಹೆಡಾ ಬಿಟ್ಟು ಬಂದ ಊರಿಗೆ ಅವನ ಧಣಿಯ ಚಿತ್ರ ಹೋಗಿ ಕೂತಿದೆ.

ಇಂಥ ಸುಲ್ತಾನನಿಗೆ ಹೆಡಾ ಬರೆದುಕೊಟ್ಟದ್ದೇನು? ಗೋಳಗುಮ್ಮಟ ಆಗಿನ್ನೂ ಹುಟ್ಟಿರಲಿಲ್ಲ, ಸರಿ. ಆದರೆ ಆನೆ ಇತ್ತು, ನರ್ತಕಿಯರಿದ್ದರು, ಸಾಧುಗಳಿದ್ದರು, ಹಾವಾಡಿಗರೂ ಇದ್ದಿರಬೇಕು. ಅದಾವುದೂ ಬೇಡವಾಗಿತ್ತು. ಸುಲ್ತಾನ ಮೆಚ್ಚಿ ಅವನನ್ನು ಇಟ್ಟುಕೊಳ್ಳುವಂತೆ ಮಾಡಿದ ಚಿತ್ರದ ವಸ್ತು ವೀನಸ್, ಬಾಕಸ್, ಸೀರಿಸ್. ಪ್ರೇಮದ ದೇವತೆ, ದ್ರಾಕ್ಷಾರಸದ ದೇವರು, ಕಾಳುಕಡಿಯ ದೇವತೆ. ಅನ್ನವೂ ಮದ್ಯವೂ ಇಲ್ಲದಿದ್ದರೆ ಪ್ರೇಮ ತಣ್ಣಗಾಗುತ್ತದೆ ಎಂಬ ಹಳೆಯ ಲ್ಯಾಟಿನ್ ಗಾದೆಯನ್ನು ಬೆತ್ತಲೆ ದೇವತೆಗಳ ಮೂಲಕ ಹೇಳುವುದು ಆ ಕಾಲದ ಪ್ರಾಗ್, ಹಾರ್ಲೆಂ ಚಿತ್ರಕಾರರ ಅಚ್ಚುಮೆಚ್ಚಿನ ಆಟ. ಗೋಲ್ಟ್‌ಸಿಯಸ್ ಒಬ್ಬನೇ ಇದನ್ನು ಹಲವು ಸಲ ಬರೆದಿದ್ದಾನೆ. ದ್ರಾಕ್ಷಿ ಪಡ, ಜೋಳದ ಹೊಲ ಎರಡನ್ನೂ ಮಾಡುವ ತಿಕೋಟಾ ಭಾಗದವರಿಗೆ ಆ ಮೂವರಲ್ಲಿ ಇಬ್ಬರು ಹೊಸಬರೇನಲ್ಲ. ಮೂರನೆಯಾಕೆಯ ವಿಷಯ ಮಕ್ಕಳ ಮುಂದೆ ಬೇಡ.

ಇಲ್ಲಿಯೇ ಲೆಕ್ಕ ತಿರುಗುವುದು. ಪ್ಯಾರಿಸ್ಸಿನವರಿಗೆ ಹಾವಾಡಿಗ ಹೇಗೋ, ನವರಸಪುರದ ಸುಲ್ತಾನನಿಗೆ ವೀನಸ್ ಹಾಗೆ. ದೂರದ, ವಿಚಿತ್ರವಾದ, ಸ್ವಲ್ಪ ನಾಚಿಕೆ ಬಿಟ್ಟ ಒಂದು ದೇಶ ಅವನಿಗೆ ಗೋಡೆಯ ಮೇಲೆ ಬೇಕಾಗಿತ್ತು. ಬೀಜಾಪುರದ ನೀರು ಕುಡಿದು, ಇಲ್ಲಿಯ ಅನ್ನ ಉಂಡು ಹನ್ನೆರಡು ವರ್ಷ ಬಾಳಿದ ಹೆಡಾ ತನ್ನೂರಿನವರಿಗಾಗಿ ಬೀಜಾಪುರದ ಒಂದು ‘ಪೂರ್ವದ ಚಿತ್ರ’ವನ್ನೂ ಕಳಿಸಿದ ಸುಳಿವಿಲ್ಲ. ಸಂಬಳ ಕೊಡುವವನು ಇಲ್ಲಿದ್ದ. ಅವನಿಗೆ ಬೇಕಾದ ಯುರೋಪನ್ನು ಇಲ್ಲಿ ಕೂತು ತಯಾರಿಸಿದ. ಗುಣದಲ್ಲಿ ಹೆಡಾ ಜೆರೋಮನಿಗಿಂತ ಸಾತ್ವಿಕ ಎಂದು ನಾನು ಹೇಳಲಾರೆ. ಧಣಿ ಬೇರೆ, ಅಷ್ಟೇ. ಆದರೆ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು: ಇಬ್ರಾಹಿಮನ ವೀನಸ್ ಚಿತ್ರದ ಹಿಂದೆ ಹಡಗುಪಡೆ ಇರಲಿಲ್ಲ. ಆ ಚಿತ್ರ ನೋಡಿ ಯಾವ ಬೀಜಾಪುರಿಯೂ ಹಾಲೆಂಡನ್ನು ಆಳಲು ಹೊರಡಲಿಲ್ಲ.

ಹೆಡಾ ಬರೀ ಕುಂಚದವನಾಗಿ ಉಳಿಯಲಿಲ್ಲ. ಕೋರಮಂಡಲ ತೀರದಲ್ಲಿ ಬಂದು ಕೂತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಪತ್ರ ಬರೆಯುತ್ತಿದ್ದ. ಆಸ್ಥಾನದ ಒಳಗೆ ಒಬ್ಬ ನಮ್ಮವನಿದ್ದಾನೆ ಎಂದು ಅವರಿಗೂ ಅನುಕೂಲ. 1615ರಲ್ಲಿ ಮಚಲಿಪಟ್ಟಣದ ಕಡೆಯಿಂದ ಸೂರತ್ತಿಗೆ ನೆಲದ ದಾರಿಯಲ್ಲಿ ಹೊರಟ ಕಂಪನಿಯ ವ್ಯಾಪಾರಿ ಫಾನ್ ರಾವೆಸ್ಟೇನ್ ನವರಸಪುರದಲ್ಲಿ ಇಳಿದಾಗ ಹೆಡಾನನ್ನು ಕಂಡ. ಹೆಡಾನ ಬಗ್ಗೆ ನಮಗೆ ಗೊತ್ತಿರುವುದು ಇಂಥ ಪತ್ರ, ಪ್ರಯಾಣದ ಬರಹಗಳಿಂದ. ಇಲ್ಲಿ ಬರೆದ ಚಿತ್ರಗಳು ಉಳಿದುಬರಲಿಲ್ಲ. ಅವನು ತೀರಿಕೊಂಡ ಎರಡೇ ವರ್ಷಕ್ಕೆ, 1624ರಲ್ಲಿ, ಅಹ್ಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ನವರಸಪುರವನ್ನು ಹಾಳುಗೆಡವಿದ. ಊರು ಮತ್ತೆ ತಲೆ ಎತ್ತಲಿಲ್ಲ.

ಹೆಡಾನ ಮನೆತನದ ಹೆಸರು ಮಾತ್ರ ಉಳಿಯಿತು, ಅದೂ ಹಾರ್ಲೆಂನಲ್ಲಿ. ಅವನ ಸಂಬಂಧಿಯ ಮಗ, ವಿಲ್ಲೆಂ, ಈ ಹೆಡಾ ಎಂಬ ಅಡ್ಡಹೆಸರನ್ನೇ ಇಟ್ಟುಕೊಂಡು ದೊಡ್ಡ ಚಿತ್ರಕಾರನಾದ. ಕಾರ್ನೆಲಿಸ್ ಅವನಿಗೆ ಮಾವನೋ ಚಿಕ್ಕಪ್ಪನೋ ಆಗಬೇಕು. ವಿಲ್ಲೆಂ ಬರೆದದ್ದು ಬಹುಮಟ್ಟಿಗೆ ಊಟದ ಮೇಜು. ಅರ್ಧ ಸುಲಿದ ನಿಂಬೆಹಣ್ಣು, ಸಿಪ್ಪೆ ಸುರುಳಿಯಾಗಿ ಮೇಜಿನಂಚಿಗೆ ಜೋತಿರುತ್ತದೆ. ವಾಲಿಬಿದ್ದ ಬೆಳ್ಳಿಯ ಬಟ್ಟಲು. ಹಸಿರು ಗಾಜಿನ ಲೋಟದಲ್ಲಿ ಕಿಟಕಿಯ ಪ್ರತಿಬಿಂಬ. ಪಕ್ಕದಲ್ಲಿ ಹಳೆಯ ಕಾಗದದ ಪೊಟ್ಟಣದಿಂದ ಚೆಲ್ಲಿದ ಕಾಳುಮೆಣಸು. ಆ ಮೆಣಸು ಜಾವಾದ್ದೋ ನಮ್ಮ ಪಡುಗರೆಯದ್ದೋ, ಕಂಪನಿಯ ಹಡಗಿನಲ್ಲಿ ಬಂದದ್ದಂತೂ ಹೌದು. ಪೂರ್ವವನ್ನು ಕಾಣದ ಈ ಹೆಡಾ ನಾಲ್ಕು ಕಾಳಿನಲ್ಲಿ ಬರೆದ ಪೂರ್ವ ನನಗೆ ಜೆರೋಮನ ಇಡೀ ಗೋಡೆಗಿಂತ ಪ್ರಾಮಾಣಿಕ ಅನ್ನಿಸುತ್ತದೆ.

ಇನ್ನೊಬ್ಬ ಡಚ್ಚನನ್ನೂ ಇಲ್ಲಿ ನೆನೆಯಬೇಕು. 1656ರಿಂದ 61ರ ನಡುವೆ, ದಿವಾಳಿಯಾಗಿ ಮನೆ ಮಾರು ಹರಾಜಿಗೆ ಬಂದಿದ್ದ ದಿನಗಳಲ್ಲಿ, ರೆಂಬ್ರಾಂಟ್ ಭಾರತದಿಂದ ಹೋದ ಸಣ್ಣ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದ. ಇಪ್ಪತ್ತಮೂರು ಉಳಿದಿವೆ. ಬೆಲೆಬಾಳುವ ಜಪಾನಿ ಕಾಗದದ ಮೇಲೆ, ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ ಮಾಡಿದ ಕೆಲಸ. ಅವು ಯಾವ ಧಣಿಯ ಗೋಡೆಗೂ ಹೋಗಲಿಲ್ಲ. ಜಗತ್ತಿನ ಅತಿ ದೊಡ್ಡ ಚಿತ್ರಕಾರರಲ್ಲಿ ಒಬ್ಬನಾದವನು ನಮ್ಮ ಕಡೆಯ, ಹೆಸರಿಲ್ಲದ ಕಲಾವಿದನ ಗೆರೆ ಹೇಗೆ ಓಡಿದೆ ಎಂದು ಕಲಿಯಲು ಕೂತಿದ್ದ.

ಹೆಡಾನ ಮಾತು ಬಂದಾಗಲೆಲ್ಲ ಬೀಜಾಪುರದಲ್ಲಿ ಒಂದು ವಾದ ಹೊರಡುತ್ತದೆ: ಅಸರ್ ಮಹಲಿನ ಮಾಳಿಗೆಯ ಗೋಡೆಚಿತ್ರಗಳು ಅವನವೇ ಎಂದು. ಅಸರ್ ಮಹಲ್ ಎದ್ದದ್ದು 1646ರ ಸುಮಾರಿಗೆ, ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ. ಹೆಡಾ ಸತ್ತು ಆಗಲೇ ಇಪ್ಪತ್ನಾಲ್ಕು ವರ್ಷ. ಸತ್ತವನ ಕೈಯಲ್ಲಿ ಕುಂಚ ಹಿಡಿಸುವುದು ಬೇಡ. ಯುರೋಪಿನ ಛಾಯೆ ಕಂಡಲ್ಲೆಲ್ಲ ಯುರೋಪಿನವನನ್ನೇ ಹುಡುಕುವ ಚಟದ ಹಿಂದೆ, ನಮ್ಮವರಿಗೆ ಅದು ಬಾರದು ಎಂಬ ಕೀಳರಿಮೆಯೂ ಇದೆ. ಆಸ್ಥಾನಗಳಿಗೆ ಆಗ ಯುರೋಪಿನ ಅಚ್ಚುಚಿತ್ರಗಳು ಬರುತ್ತಿದ್ದವು. ನೋಡಿ ಕಲಿಯುವ ಕೈ ಇಲ್ಲಿಯೂ ಇತ್ತು.

ಆ ಕೈಯನ್ನು ನೋಡಬೇಕೆಂದರೆ ಕುಮಟಗಿಗೆ ಹೋಗಿ. ವಿಜಯಪುರದಿಂದ ಮೂಡಣಕ್ಕೆ ಹತ್ತು ಮೈಲಿ. ಕೆರೆಯ ಪಕ್ಕದಲ್ಲಿ ಆದಿಲ್‌ಶಾಹಿಗಳ ಬೇಸಿಗೆಯ ವಿಹಾರದ ಮಂಟಪಗಳಿವೆ, ಕಾರಂಜಿಗಳಿಗೆ ನೀರು ಹಾಯಿಸುತ್ತಿದ್ದ ಏರ್ಪಾಡಿನ ಕುರುಹುಗಳಿವೆ. ಮಂಟಪದೊಳಗಿನ ಗಾರೆಯ ಮೇಲೆ ಕುದುರೆ ಏರಿ ಚೆಂಡಾಡುವವರು, ಕುಸ್ತಿ ಹಿಡಿದ ಜಟ್ಟಿಗಳು, ವಾದ್ಯ ನುಡಿಸುವವರು. ಅವರ ನಡುವೆ ಫಿರಂಗಿ ಪೋಷಾಕಿನವರೂ ಇದ್ದಾರೆ. ಹೆನ್ರಿ ಕಝೆನ್ಸ್ 1916ರ ತನ್ನ ಬೀಜಾಪುರದ ದೊಡ್ಡ ಗ್ರಂಥದಲ್ಲಿ ಇವನ್ನು ದಾಖಲಿಸಿದ. ಆಗಲೇ ಮಾಸಿದ್ದವು, ಈಗ ಇನ್ನೂ ಉದುರಿವೆ. ಬೀಜಾಪುರದ ಚಿತ್ರಗಾರ ಸುಲ್ತಾನನ ಮೋಜಿನ ಕೋಣೆಗೆ ಬರೆದುಕೊಟ್ಟ ಪಶ್ಚಿಮ ದೇಶ ಇದು.

ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳೆ, ಶಾಲೆಯಿಂದ ಪ್ರವಾಸ ಹಾಕಿದಾಗ ಗೋಳಗುಮ್ಮಟದಲ್ಲಿ ಕೂಗಿ ಮುಗಿಸಿಕೊಂಡು ತಿರುಗಿ ಬರಬೇಡಿ. ಮಾಸ್ತರರಿಗೆ ಗಂಟುಬಿದ್ದು ಕುಮಟಗಿಗೂ ಬಸ್ಸು ಬಿಡಿಸಿ. ಗೋಡೆ ಮುಟ್ಟಬಾರದು, ಒರಗಬಾರದು. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಬಾರದು. ಒಂದು ಹಾಳೆ, ಒಂದು ಪೆನ್ಸಿಲ್ ಒಯ್ಯಿರಿ. ಆ ಫಿರಂಗಿಯವರಲ್ಲಿ ಒಬ್ಬನನ್ನು, ಎಷ್ಟು ಕಾಣುತ್ತಾನೋ ಅಷ್ಟನ್ನು, ಇದ್ದ ಹಾಗೆ ನಕಲು ಮಾಡಿಕೊಂಡು ಬನ್ನಿ. ಕಾಣದ ಭಾಗವನ್ನು ಖಾಲಿ ಬಿಡಿ. ಮುಂದಿನ ವರ್ಷದ ದತ್ತಿ ಕಾರ್ಯಕ್ರಮದಲ್ಲಿ ಆ ಹಾಳೆಗಳನ್ನು ಇದೇ ಸಭೆಯ ಗೋಡೆಗೆ ಅಂಟಿಸಲು ದಾನಿಗಳ ಮನೆಯವರು ಒಪ್ಪಿದ್ದಾರೆ.